ಬೆನ್ನು ತಿರುಗಿಸಿ ಕೂತ ಅಳಿಯ

ಸಿರಾದ ರಂಗರಾಜುಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷದಲ್ಲಿ ಅವನ ಅತ್ತೆ ಸಣ್ಣಕ್ಕ ಅವನ ಜೊತೆ ನೇರವಾಗಿ ಒಂದೇ ಒಂದು ಮಾತೂ ಆಡಿರಲಿಲ್ಲ. ಏನೋ ಮುನಿಸಿರಬೇಕು ಅಂದುಕೊಳ್ಳಬೇಡಿ. ಮುನಿಸಿದ್ದರೆ ಅಳಿಯ ಬರುತ್ತಾನೆಂದು ತಿಳಿದ ಕೂಡಲೇ ಮೊರದ ತುಂಬ ಅವರೆಕಾಳು ಹಿತುಕಿಕೊಂಡು ಕೂರುತ್ತಿದ್ದಳೇ? ಒಬ್ಬಟ್ಟಿನ ಮೇಲೆ ತುಪ್ಪದ ಗಿಂಡಿಯನ್ನೇ ಬಗ್ಗಿಸುತ್ತಿದ್ದಳೇ? ಅದು ಮರ್ಯಾದೆ. ಪುರವರದ ಪಕ್ಕದ ಆ ಹಳ್ಳಿಯಲ್ಲಿ ಸಣ್ಣಕ್ಕನ ಮನೆತನದ ಹೆಂಗಸರು ಅಳಿಯನ ಎದುರು ಕೂರುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ, ಅವನು ಹಜಾರಕ್ಕೆ ಬಂದರೆ ತಲೆಮೇಲೆ ಸೆರಗೆಳೆದುಕೊಂಡು ಒಳಗೆ ಹೋಗುತ್ತಾರೆ. ಅವಳ ಅತ್ತೆ ಹಾಗಿದ್ದಳು, ಅತ್ತೆಯ ಅತ್ತೆಯೂ ಹಾಗೇ ಇದ್ದಳಂತೆ. ಕಾಲ ಬದಲಾಗಿದೆ ಎಂದು ಮಗಳು ಗಂಗಲಕ್ಷ್ಮಿ ಹೇಳಿ ಹೇಳಿ ಸೋತಿದ್ದಳು. "ಕಾಲ ಬದ್ಲಾದ್ರೆ ಬದ್ಲಾಗ್ಲಿ ಬುಡು, ನಾನ್ಯಾಕೆ ಬದ್ಲಾಗ್ಲಿ" ಅನ್ನುವುದು ಸಣ್ಣಕ್ಕನ ಉತ್ತರ.

ಹಾಗಂತ ಅಳಿಯನಿಗೆ ಹೇಳಬೇಕಾದ್ದು ಇದ್ದೇ ಇರುತ್ತದಲ್ಲ. ಅದಕ್ಕೆ ನಡುಮನೆಯ ಕಂಬ ಇತ್ತು. "ಅಳಿಯಂದ್ರು ಇನ್ನೊಂದು ಹಿಟ್ಟು ಹಾಕಿಸ್ಕಂತಾರಂತಾ?" ಎಂದು ಸಣ್ಣಕ್ಕ ಕಂಬವನ್ನು ಕೇಳುವಳು. ರಂಗರಾಜು ತಟ್ಟೆಯಲ್ಲಿದ್ದ ಮುದ್ದೆಯನ್ನು ನೋಡುತ್ತ "ಸಾಕು" ಅನ್ನುವನು. ಸಿರಾದ ಬಾಡಿಗೆ ಮನೆಯಲ್ಲಿ ಕಂಬ ಇಲ್ಲವಾದ್ದರಿಂದ ಅಲ್ಲಿಗೆ ಬಂದಾಗ ಫ್ರಿಜ್ಜಿಗೆ ಹೇಳುವಳು. ತೊಂದರೆ ಬರುತ್ತಿದ್ದದ್ದು ಫೋನಿನಲ್ಲಿ. ಗಂಗಲಕ್ಷ್ಮಿಯ ಫೋನನ್ನು ಇವನು ಎತ್ತಿದನೋ, ಆ ಕಡೆ ಉಸಿರೂ ಕೇಳಿಸುತ್ತಿರಲಿಲ್ಲ. ಆಮೇಲೆ ಮಾವ ಪಾಲಣ್ಣನ ದನಿ ಬರುವುದು: "ನಮ್ಮೋಳು ಫೋನು ನನ್ನ ಕೈಗೆ ತುರುಕಿ ಓಡೋದ್ಲು ಕಣಪ್ಪ. ಗಂಗಂಗೆ ಕೊಡಬೇಕಂತೆ."

ರಂಗರಾಜುಗೆ ಇದು ಮೊದಮೊದಲು ನಗೆ ತರಿಸುತ್ತಿತ್ತು, ಬರಬರುತ್ತ ಬೇಸರ ತರಿಸತೊಡಗಿತು. ಅವನು ಸಿರಾದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಸುಟ್ಟ ಮೋಟರನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ತಿರುಗುವಂತೆ ಮಾಡುವುದು ಅವನ ಕೆಲಸ. ನಿಂತುಹೋದದ್ದು ಯಾವುದೇ ಕಣ್ಣಿಗೆ ಬಿದ್ದರೂ ಬಿಚ್ಚಿ ನೋಡದೆ ಬಿಡುವವನಲ್ಲ. ಅತ್ತೆಯ ಮಾತೊಂದು ಮಾತ್ರ ಅವನ ಕೈಗೆ ಸಿಕ್ಕಿರಲಿಲ್ಲ.

ಹೋದ ಬೇಸಿಗೆಯಲ್ಲಿ ಪಾಲಣ್ಣನ ಬೋರಿನ ಮೋಟರು ಸುಟ್ಟಿತು. ರಂಗರಾಜು ತಾನೇ ಹೋಗಿ ಪೈಪು ಎತ್ತಿಸಿದ. ಬೋರಿನ ಪಕ್ಕದಲ್ಲೇ ಹಳೇ ಕಾಲದ ಬಾವಿ, ಕಲ್ಲಿನ ಮೆಟ್ಟಿಲಿನದು. ಈಗ ಅದರ ತಳದಲ್ಲಿ ಜಾಲಿ ಬೆಳೆದಿತ್ತು. ಸಣ್ಣಕ್ಕ ಮಜ್ಜಿಗೆ ತಂದು ಕಲ್ಲಿನ ಮೇಲಿಟ್ಟಳು. ಎಂದಿನಂತೆ ಹೊರಟುಹೋಗಲಿಲ್ಲ. ಬಾವಿಯೊಳಕ್ಕೆ ಬಗ್ಗಿ ನೋಡಿದಳು. ಆಮೇಲೆ ಅಲ್ಲೇ ಇದ್ದ ಬೇವಿನ ಮರಕ್ಕೆ ಹೇಳತೊಡಗಿದಳು.

"ಸಿದ್ದರಬೆಟ್ಟದ ತಾವ ನಮ್ಮೂರ ಬಾವೀಲಿ ನಾನು ಮೀನಂಗೆ ಈಜ್ತಿದ್ದೆ. ಮದ್ವೆಯಾಗಿ ಬಂದಾಗ ಈ ಬಾವಿ ತುಂಬಿ ತುಳುಕೋದು. ಇಳಿಯಾನಾ ಅಂದ್ರೆ ಮಾವ ಅವ್ರೆ, ಭಾವ ಅವ್ರೆ. ಒದ್ದೆ ಸೀರೇಲಿ ಅವ್ರ ಮುಂದೆ ಹೆಂಗೆ ಓಡಾಡಾದು? ಅವ್ರೆಲ್ಲ ಹೋಗೋ ಹೊತ್ಗೆ ಬಾವಿನೂ ಹೋತು. ನೀರಾಗೆ ಮೈ ತೇಲಿಸಿ ನಲವತ್ತು ವರ್ಷ ಆತು."

ಅಷ್ಟು ಹೇಳಿ ಖಾಲಿ ಚೊಂಬಿಗೂ ಕಾಯದೆ ಹೊರಟುಹೋದಳು. ಬೇವಿನ ಮರಕ್ಕೆ ಆ ಮಾತು ಎಷ್ಟು ಮುಟ್ಟಿತೋ ಗೊತ್ತಿಲ್ಲ, ರಂಗರಾಜು ಮಾತ್ರ ಮಜ್ಜಿಗೆಯ ಚೊಂಬು ಹಿಡಿದು ತಾನೂ ಬಾವಿಯೊಳಕ್ಕೆ ಬಗ್ಗಿ ನೋಡಿದ. ತನ್ನ ಅವ್ವನ ವಯಸ್ಸಿನ ಹೆಂಗಸು, ತಲೆಮೇಲೆ ಹುಲ್ಲಿನ ಹೊರೆ ಹೊತ್ತು ನಡೆಯುವುದನ್ನಷ್ಟೇ ಅವನು ಕಂಡಿದ್ದ. ಅವಳು ಒಂದು ಕಾಲಕ್ಕೆ ನೀರಿಗೆ ಧುಮುಕುತ್ತಿದ್ದ ಹುಡುಗಿ ಎಂಬುದು ತಲೆಯಿಂದ ಹೋಗಲೇ ಇಲ್ಲ. ಅತ್ತೆಯನ್ನು ಒಂದು ಸಲ ನೀರಿಗಿಳಿಸಬೇಕು ಎಂದು ಅಲ್ಲೇ ಪೈಪಿನ ಮೇಲೆ ಕೂತು ನಿಶ್ಚಯಿಸಿದ.

ಅಂಗಡಿಗೆ ಬರುತ್ತಿದ್ದ ಗೌಡಗೆರೆಯ ಮೇಷ್ಟರೊಬ್ಬರು ಅಂಡಮಾನಿಗೆ ಹೋಗಿಬಂದಿದ್ದರು. ಅವರ ಫೋನಿನ ಚಿತ್ರಗಳಲ್ಲಿ ಸಮುದ್ರ ಕುಡಿಯುವ ನೀರಿನಷ್ಟು ತಿಳಿಯಾಗಿ ಕಾಣುತ್ತಿತ್ತು. ಅಲ್ಲಿನ ಒಂದು ಚಿಕ್ಕ ದ್ವೀಪದಲ್ಲಿ ಅಲೆಯೇ ಇಲ್ಲ, ಬಹಳ ದೂರದವರೆಗೆ ಎದೆಮಟ್ಟವೇ, ಕೆರೆಯ ಹಾಗೆ ಎಂದು ಅವರು ಹೇಳಿದ್ದೇ ತಡ, ರಂಗರಾಜು ನಾಲ್ಕು ಟಿಕೆಟು ಮಾಡಿಸಿಯೇಬಿಟ್ಟ. ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ, ಹೆಂಡತಿಗೂ.

ಪಾಲಣ್ಣ ಮೊದಲು ಒಪ್ಪಲಿಲ್ಲ. "ಅದು ಕರಿನೀರಿನ ಶಿಕ್ಷೆ ಕೊಡ್ತಿದ್ದ ಊರಲ್ವೇ? ನಾನೇನು ತಪ್ಪು ಮಾಡಿವ್ನಿ?" ಎಂದು ಕೇಳಿದ. ಅಲ್ಲಿ ಜನ ಬದನೆಕಾಯಿ, ಬಾಳೆ ಎಲ್ಲ ಬೆಳೆಯುತ್ತಾರಂತೆ ಎಂದು ಗೊತ್ತಾದ ಮೇಲೆ ಸ್ವಲ್ಪ ಮೆತ್ತಗಾದ. ಸಣ್ಣಕ್ಕ ಆಗಲೇ ಚೀಲ ತೆಗೆದಿದ್ದಳು. ರಾಗಿಹಿಟ್ಟು, ಹುರಿಹಿಟ್ಟು, ಕಡ್ಲೇಬೀಜದ ಚಟ್ನಿಪುಡಿ, ಹುಣಸೆಹಣ್ಣು, ಮುದ್ದೆ ತಿರುವುವ ಕೋಲು, ಎಲ್ಲ ಚೀಲಕ್ಕೆ ತುಂಬಿದಳು. ಕೊನೆಗೆ ಒಂದು ಹಳೇ ಹತ್ತಿ ಸೀರೆ ಮಡಿಸಿ ತಳದಲ್ಲಿ ತುರುಕಿದ್ದನ್ನು ಗಂಗಲಕ್ಷ್ಮಿ ನೋಡಿದಳು. "ಅದ್ಯಾಕವ್ವ, ಪ್ಯಾಟೆಗೆ ಉಡೋಕಾಗುತ್ತಾ ಇದು" ಎಂದು ಕೇಳಿದರೆ "ಇರ್ಲಿ ಬುಡು" ಎಂದಳಂತೆ. ಇದನ್ನು ಹೆಂಡತಿ ಹೇಳಿದಾಗ ರಂಗರಾಜುಗೆ ಒಳಗೊಳಗೇ ಹಿಗ್ಗು. ಈಜುವ ಹೆಂಗಸಿಗೆ ಹಳೇ ಹತ್ತಿ ಸೀರೆ ಯಾಕೆ ಬೇಕೆಂದು ಅವನೊಬ್ಬನಿಗೇ ಗೊತ್ತಿತ್ತು.

ವಿಮಾನದಲ್ಲಿ ಕಂಬವೂ ಇಲ್ಲ, ಫ್ರಿಜ್ಜೂ ಇಲ್ಲ. ಸಣ್ಣಕ್ಕ ಮುಂದಿನ ಸೀಟಿನ ಬೆನ್ನಿಗೆ ಹೇಳಿದಳು: "ಅಳಿಯಂದ್ರಿಗೆ ಕಿಟಕಿ ಪಕ್ಕ ಬೇಕೇನೋ." ಬೇಡ, ಅವರೇ ನೋಡಲಿ ಎಂದು ರಂಗರಾಜು ಹೇಳಿದ. ಮುಂದೆ ಕೂತಿದ್ದವನು ತಿರುಗಿ ನೋಡಿ ಏನೂ ಅರ್ಥವಾಗದೆ ಮತ್ತೆ ಕಣ್ಣುಮುಚ್ಚಿಕೊಂಡ.

ದೋಣಿಯಿಂದ ದ್ವೀಪಕ್ಕೆ ಇಳಿದಾಗ ಮಧ್ಯಾಹ್ನ. ಅಲ್ಲಿನ ಊರುಗಳ ಹೆಸರು ಕೇಳಿಯೇ ಪಾಲಣ್ಣ ದಂಗಾದ. ಒಂದು ರಾಮನಗರ, ಒಂದು ಲಕ್ಷ್ಮಣಪುರ, ಒಂದು ಭರತಪುರ, ಒಂದು ಸೀತಾಪುರ. "ನಾವು ಸಮುದ್ರ ದಾಟಿ ರಾಮಾಯಣದೊಳಕ್ಕೇ ಬಂದ್ಬುಟ್ವಲ್ಲ" ಎಂದ. ಅವರು ಇಳಿದುಕೊಂಡದ್ದು ಒಬ್ಬ ಬಂಗಾಳಿ ಹೆಂಗಸಿನ ಮನೆಯಲ್ಲಿ. ಅವಳನ್ನು ಎಲ್ಲರೂ ಬೌದಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು, ಸಣ್ಣಕ್ಕ ಬೌದಮ್ಮ ಅಂದಳು. ಒಂದು ಗಂಟೆ ಕಳೆಯುವುದರೊಳಗೆ ಬೌದಮ್ಮನ ಅಡಿಗೆಮನೆಯಲ್ಲಿ ರಾಗಿ ಮುದ್ದೆ ಬೇಯುತ್ತಿತ್ತು. ಇವಳು ಕನ್ನಡದಲ್ಲಿ ಹೇಳುವುದು, ಅವಳು ಬಂಗಾಳಿಯಲ್ಲಿ ಉತ್ತರ ಕೊಡುವುದು, ಇಬ್ಬರೂ ಬಿದ್ದು ಬಿದ್ದು ನಗುವುದು. ರಂಗರಾಜು ವರಾಂಡದಲ್ಲಿ ಕೂತು ಕೇಳಿಸಿಕೊಂಡ. ಅದೇ ಕನ್ನಡ ಆಡುವ ತನ್ನ ಜೊತೆ ನಾಲ್ಕು ವರ್ಷ ಆಗದ ಮಾತು ಇವರಿಬ್ಬರ ನಡುವೆ ಎರಡು ಭಾಷೆಯಲ್ಲಿ ಹರಿಯುತ್ತಿತ್ತು. ಅವನಿಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ.

ಅವತ್ತು ಸಂಜೆಯೇ ಎಡವಟ್ಟಾಯಿತು. ಭರತಪುರದ ತೀರಕ್ಕೆ ನಾಲ್ವರೂ ಹೋದರು. ಮೇಷ್ಟರ ಫೋನಿನಲ್ಲಿದ್ದ ನೀರೇ, ತಳದ ಮರಳು ಕಾಣುವಷ್ಟು ತಿಳಿ. ಸಣ್ಣಕ್ಕ ನೀರನ್ನು ನೋಡಿದವಳು ಒಂದು ಕ್ಷಣ ಹಾಗೇ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಇನ್ನೇನು ಇಳಿದೇ ಬಿಡುತ್ತಾಳೆ ಅನ್ನಿಸಿ ರಂಗರಾಜುಗೆ ಧೈರ್ಯ ತುಂಬುವ ಹುಮ್ಮಸ್ಸು ಬಂತು. ಸಿರಾ ಸಂತೆಯಲ್ಲಿ ಇದಕ್ಕೆಂದೇ ಕೊಂಡಿದ್ದ ಹೂವಿನ ಚಿತ್ತಾರದ ಚಡ್ಡಿಯಲ್ಲಿ, ಬರಿ ಮೈಯಲ್ಲಿ, ಓಡಿಹೋಗಿ ನೀರಿಗೆ ಬಿದ್ದ. ಸೊಂಟದ ಮಟ್ಟದಲ್ಲಿ ಎದ್ದು ನಿಂತು, ಎರಡೂ ಕೈ ಎತ್ತಿ, "ಆಳ ಇಲ್ಲ, ಬನ್ನಿ ಅತ್ತೆ" ಎಂದು ಕೂಗಿದ.

ಅಳಿಯ, ಚಡ್ಡಿಯಲ್ಲಿ, ಅತ್ತೆಯ ಎದುರಿಗೆ, ಅದೂ ಊರೆಲ್ಲ ಕೇಳುವ ಹಾಗೆ ಅತ್ತೆ ಎಂದು ಕೂಗುತ್ತ. ಸಣ್ಣಕ್ಕ ಸೆರಗು ಬಿಚ್ಚಿ ತಲೆಮೇಲೆ ಹೊದ್ದು, ಗರಕ್ಕನೆ ತಿರುಗಿ, ಸಮುದ್ರಕ್ಕೆ ಬೆನ್ನು ಮಾಡಿ ಮರಳಿನ ಮೇಲೆ ಕೂತುಬಿಟ್ಟಳು. ಹೊತ್ತು ಮುಳುಗುವವರೆಗೂ ಎದುರಿಗಿದ್ದ ಎಳನೀರಿನ ಗಾಡಿಯನ್ನೇ ನೋಡುತ್ತಿದ್ದಳು. ಜನ ದುಡ್ಡು ಕೊಟ್ಟು ಬಂದು ನೋಡುವ ಸಮುದ್ರ ಅವಳ ಬೆನ್ನ ಹಿಂದೆ ಬಣ್ಣ ಬಣ್ಣವಾಗಿ ಕತ್ತಲಾಯಿತು. ಗಂಗಲಕ್ಷ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಂಗರಾಜುಗೆ ನಗು ಬರಲಿಲ್ಲ. ಚಡ್ಡಿಯನ್ನು ಚೀಲದ ತಳಕ್ಕೆ ಹಾಕಿದವನು ಮತ್ತೆ ಹೊರಗೆ ತೆಗೆಯಲಿಲ್ಲ.

ಮಾರನೇ ದಿನ ಅವನು ಬುದ್ಧಿ ಓಡಿಸಿದ. ತಾನು ಕಣ್ಣಿಗೆ ಬೀಳದಿದ್ದರೆ ಸರಿಹೋಗುತ್ತದೆ ಎಂದುಕೊಂಡು ಮಾವನನ್ನು ಕರೆದುಕೊಂಡು ಹೊಲ ನೋಡಲು ಹೊರಟ. ಆ ಸೀಮೆಯಲ್ಲಿ ಬೆಳಗಿನ ಐದಕ್ಕೇ ಬಿಸಿಲು ಬಿದ್ದಿರುತ್ತದೆ, ಪಾಲಣ್ಣನಿಗೆ ಅದೇ ದೊಡ್ಡ ಸಂತೋಷ. ಬದನೆ ಸಾಲಿನಲ್ಲಿ ಕೂತು ಎಲೆ ಮಗುಚಿ ನೋಡಿ, ಹುಳ ಎಲ್ಲಿದೆಯೆಂದು ಅಲ್ಲಿನ ರೈತನಿಗೆ ಕೈಸನ್ನೆಯಲ್ಲೇ ತೋರಿಸಿಕೊಟ್ಟ. ರಂಗರಾಜು ಅಲ್ಲಿನ ಪಂಪಿನ ಸದ್ದು ಕೇಳಿ ಬೇರಿಂಗು ಹೋಗಿದೆ ಎಂದು ಪತ್ತೆ ಮಾಡಿದ. ಇಬ್ಬರಿಗೂ ಎಳನೀರು ಸಿಕ್ಕಿತು. ಬೇಕೆಂದೇ ಮಧ್ಯಾಹ್ನದವರೆಗೆ ಹೊತ್ತು ಕಳೆದು ಮನೆಗೆ ಬಂದರೆ, ಸಣ್ಣಕ್ಕನ ಸೀರೆ ಗರಿಗರಿಯಾಗಿ ಒಣಗಿಯೇ ಇತ್ತು. ಕಾಲ ಬೆರಳಿಗೆ ಮಾತ್ರ ಮರಳು ಅಂಟಿತ್ತು. ಮೂರನೇ ದಿನವೂ ಅದೇ ಕತೆ.

ಮೂರನೇ ದಿನ ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ಹೆಂಡತಿಯನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದ, ಬಾವಿಯ ಕತೆ, ಬೇವಿನ ಮರದ ಕತೆ, ಈ ಪ್ರಯಾಣ ಯಾಕೆ ಅನ್ನುವುದನ್ನೂ.

ಗಂಗಲಕ್ಷ್ಮಿ ಬೆಪ್ಪಾಗಿ ನಿಂತಳು. "ಅವ್ವಂಗೆ ಈಜು ಬರುತ್ತಾ? ನಂಗೇ ಹೇಳಿಲ್ವಲ್ರೀ ಒಂದಿನಾನೂ. ನಂಗೆ ನೀರು ಕಂಡ್ರೆ ಕೈಕಾಲು ನಡುಗುತ್ತೆ." ಹೆಸರಿಗೆ ಗಂಗೆಯಾದರೂ ಅವಳು ಮೊಣಕಾಲಿಗಿಂತ ಮೇಲೆ ನೀರು ಕಂಡವಳಲ್ಲ.

"ಅದಿರಲಿ, ನಾನಿಲ್ಲದಾಗಲೂ ಯಾಕೆ ಇಳೀಲಿಲ್ಲ?"

"ನಾನೂ ಕೇಳ್ದೆ. ತೀರದಲ್ಲಿ ಗಂಡಸ್ರೆಲ್ಲ ಅವ್ರೆ ಅಂತ ನಾಚಿಕೆನಾ ಅಂದೆ. 'ಅವ್ರು ಯಾರೋ ಏನೋ ಬುಡು, ನಾಳೆ ನನ್ನ ಮುಖ ನೋಡ್ತಾರಾ? ಅಳಿಯಂದ್ರು ಎಲ್ಲವ್ರೆ ಅಂತ ಗೊತ್ತಿಲ್ವಲ್ಲ. ಒದ್ದೆ ಸೀರೇಲಿ ಇರುವಾಗ ಯಾವ ಮೂಲೆಯಿಂದ ಬಂದ್ಬುಡ್ತಾರೋ' ಅಂದ್ಲು. ನೀವು ಕಂಡ್ರೂ ಕಷ್ಟ, ಕಾಣ್ದಿದ್ರೂ ಕಷ್ಟ."

ರಂಗರಾಜು ಅಲ್ಲೇ ತೊಳೆಯುವ ಕಲ್ಲಿನ ಮೇಲೆ ಕೂತುಬಿಟ್ಟ. ಅವನಿಗೆ ನಿಜವಾಗಿಯೂ ನೋವಾಯಿತು. ಮೊದಲು ಮಾವ ಇದ್ದ, ಆಮೇಲೆ ಭಾವ ಇದ್ದ, ಈಗ ಅಳಿಯ. ಇಷ್ಟು ದೂರ, ಸಮುದ್ರ ದಾಟಿಸಿ ಕರೆತಂದು, ಅವಳ ನೀರಿಗೆ ಅಡ್ಡ ನಿಂತವರ ಸಾಲಿನಲ್ಲಿ ಕೊನೆಯವನಾಗಿ ತಾನೇ ನಿಂತಂತಾಯಿತು. ನಾಳೆ ಮಧ್ಯಾಹ್ನಕ್ಕೆ ಹಿಂದಿರುಗುವ ದೋಣಿ. ಆ ಹಳೇ ಹತ್ತಿ ಸೀರೆ ಮಡಿಕೆ ಬಿಚ್ಚದೆ ಪುರವರಕ್ಕೆ ವಾಪಸು ಹೋಗುತ್ತದೆ ಅನ್ನುವುದನ್ನು ನೆನೆದರೆ ಅವನಿಗೆ ಸಂಕಟ.

ಆದರೆ ಅವನು ಮೆಕ್ಯಾನಿಕ್ಕು. ಕೆಟ್ಟಿರುವುದು ಯಾವ ತಂತಿ ಎಂದು ಗೊತ್ತಾದ ಮೇಲೆ ಅರ್ಧ ಕೆಲಸ ಮುಗಿದ ಹಾಗೆಯೇ. ಅಳಿಯ ಎದುರಿಗಿರಬಾರದು, ಹಾಗೆಯೇ ಎಲ್ಲಿದ್ದಾನೆ ಎಂದು ಗೊತ್ತಿಲ್ಲದೆಯೂ ಇರಬಾರದು. ಎರಡೂ ಒಟ್ಟಿಗೆ ಆಗುವುದಕ್ಕೆ ಏನು ಮಾಡಬೇಕೆಂದು ಅವನು ಅವತ್ತೆಲ್ಲ ಯೋಚಿಸಿದ.

ಕೊನೇ ದಿನ ಬೆಳಗ್ಗೆ, ನೀರು ಏರಿ ಕಲ್ಲುಗಳೆಲ್ಲ ಮುಳುಗಿರುವ ಒಳ್ಳೇ ಹೊತ್ತು ಯಾವುದೆಂದು ಬೌದಮ್ಮನಿಂದ ಕೇಳಿಕೊಂಡು, ಅವಳ ವರಾಂಡದ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಮೇಲೆ ಹೊತ್ತು ರಂಗರಾಜು ತೀರಕ್ಕೆ ಹೊರಟ. ಹಿಂದೆ ಪಾಲಣ್ಣ, ಅವನ ಹಿಂದೆ ಮಗಳ ಬಲವಂತಕ್ಕೆ ಹಳೇ ಹತ್ತಿ ಸೀರೆಯುಟ್ಟ ಸಣ್ಣಕ್ಕ, ಜೊತೆಗೆ ಗಂಗಲಕ್ಷ್ಮಿ. ದಡದ ಅಂಚಿನಲ್ಲಿ ತೆಂಗಿನಮರಗಳ ಸಾಲಿತ್ತು. ಪಾಲಣ್ಣ ಒಂದೊಂದೇ ಮರವನ್ನು ತಲೆಯೆತ್ತಿ ನೋಡಿ, "ಇದ್ರಾಗೆ ಕಾಯಿಲ್ಲ, ಇದರ ಕೆಳಗೆ ಹಾಕ್ಕಳಿ" ಎಂದು ಆರಿಸಿಕೊಟ್ಟ. ರಂಗರಾಜು ಕುರ್ಚಿಯನ್ನು ಮರಕ್ಕೆ ಮುಖವಾಗಿ, ಸಮುದ್ರಕ್ಕೆ ಬೆನ್ನಾಗಿ ಇಟ್ಟ. ಅಂಗಿ, ಪ್ಯಾಂಟು, ಗುಂಡಿಯೆಲ್ಲ ಹಾಕಿಕೊಂಡು ಮದುವೆಗೆ ಬಂದವನಂತೆ ಕೂತ. ಗಂಟಲು ಸರಿಮಾಡಿಕೊಂಡು ತೆಂಗಿನಮರಕ್ಕೆ ಹೇಳಿದ:

"ನೋಡಪ್ಪ ತೆಂಗಿನಮರ, ಸಿರಾದ ರಂಗರಾಜು ಇಲ್ಲೇ ಕೂತಿರ್ತಾನೆ. ಎಲ್ಲರಿಗೂ ಕಾಣೋ ಹಂಗೆ ಕೂತಿರ್ತಾನೆ. ನೀರಿಂದ ಎದ್ದು, ಸೀರೆ ಬದಲಾಯಿಸಿ, ಆಯ್ತು ಅನ್ನೋವರೆಗೂ ಬಿಲ್ಕುಲ್ ತಿರುಗಲ್ಲ. ದೇವರಾಣೆ."

ಬೆನ್ನ ಹಿಂದಿನಿಂದ ಸಣ್ಣಕ್ಕನ ದನಿ ಬಂತು, ಅದೂ ತೆಂಗಿನಮರಕ್ಕೇ. "ಬಿಸ್ಲು ಬಂದ್ರೆ?"

"ಬಿಸಿಲು ಬಂದ್ರೂ ಅಷ್ಟೇ ಅಂತ ಹೇಳು" ಎಂದ ರಂಗರಾಜು.

"ಹೊಟ್ಟೆ ಹಸಿದ್ರೆ?"

"ಜೇಬಲ್ಲಿ ನಿಪ್ಪಟ್ಟೈತೆ."

ಪಾಲಣ್ಣನಿಗೆ ಏನೂ ಬಗೆಹರಿಯಲಿಲ್ಲ. ಯಾರನ್ನೂ ಕೇಳದೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎಳನೀರಿನವನ ಕಡೆಗೆ ನಡೆದ. ಬೇರೆಯವರ ಮನೆ ಜಗಳದಲ್ಲೂ ತನ್ನ ಮನೆಯ ಮರ್ಯಾದೆಯಲ್ಲೂ ತಲೆಹಾಕಬಾರದು ಎಂಬುದು ಅವನ ನಲವತ್ತು ವರ್ಷದ ಸಂಸಾರದ ಪಾಠ.

ಆಮೇಲೆ ಸೀರೆ ಸರಸರ ಅಂದಿತು. ಕಚ್ಚೆ ಕಟ್ಟಿದಳೇನೋ. ಮರಳಿನ ಮೇಲೆ ಹೆಜ್ಜೆ ದೂರವಾದವು. ರಂಗರಾಜು ಮರದ ಕಾಂಡದ ಮೇಲೆ ಹತ್ತುತ್ತಿದ್ದ ಇರುವೆಗಳ ಸಾಲನ್ನೇ ನೋಡುತ್ತಿದ್ದ. ಪುಳಕ್ ಎಂದು ಒಂದು ಸದ್ದು, ಅಷ್ಟೆ. ಗಂಗಲಕ್ಷ್ಮಿ ದಡದಲ್ಲಿ ಒಣ ಸೀರೆ ಹಿಡಿದು ನಿಂತಿದ್ದಳು. ಅವಳು "ಅಯ್ಯೋ" ಎಂದಳು, ಆಮೇಲೆ "ಅಯ್ಯಯ್ಯೋ" ಎಂದಳು, ಆಮೇಲೆ ನಗತೊಡಗಿದಳು.

"ರೀ, ಅವ್ವ ಈಜ್ತಾವಳೆ ಕಣ್ರೀ. ಕಪ್ಪೆ ಹಂಗೆ ಕಾಲು ಬಡೀತಾವಳೆ. ಈಗ ಅಂಗಾತ ಮಲಗಿದ್ಲು. ಕೈನೂ ಆಡಿಸ್ತಿಲ್ಲ, ಹಂಗೇ ತೇಲ್ತಾವಳೆ. ನೀವು ನೋಡ್ಬೇಕಿತ್ತು."

ನೋಡಬೇಕಿತ್ತು, ನಿಜ. ಅದಕ್ಕೆಂದೇ ತಾನೇ ಇಷ್ಟೆಲ್ಲ ಮಾಡಿದ್ದು. ಆದರೂ ರಂಗರಾಜುಗೆ ಬೇಸರವಾಗಲಿಲ್ಲ. ಹೆಂಡತಿ ಹೇಳಿದ್ದನ್ನೆಲ್ಲ ಮರದ ಕಾಂಡದ ಮೇಲೆಯೇ ಕಂಡುಕೊಂಡ. ಬಿಸಿಲು ಕತ್ತಿನ ಮೇಲೆ ಬಿತ್ತು, ಬೀಳಲಿ ಎಂದುಕೊಂಡ. ಕ್ಯಾಮೆರಾ ನೇತುಹಾಕಿಕೊಂಡಿದ್ದ ಒಬ್ಬ ಅವನ ಎದುರಿಗೆ ಬಂದು, "ಭಾಯಿಸಾಬ್, ಸಮುಂದರ್ ಉಸ್ ತರಫ್ ಹೈ" ಎಂದು ಅವನ ಬೆನ್ನ ಹಿಂದಿನ ಸಮುದ್ರದತ್ತ ಕೈತೋರಿಸಿದ. ಸಿರಾದವನಿಗೆ ಅಷ್ಟು ಉರ್ದು ಬಾರದೇ? "ಮಾಲೂಮ್ ಹೈ", ಗೊತ್ತು, ಎಂದು ರಂಗರಾಜು ನಿಪ್ಪಟ್ಟು ಕಡಿದ. ಪಾಪ, ತಲೆ ಸರಿಯಿಲ್ಲ ಅಂದುಕೊಂಡಿರಬೇಕು, ಅವನು ಮೆಲ್ಲಗೆ ದೂರ ಸರಿದ.

ಆಗ ಗಂಗಲಕ್ಷ್ಮಿಯ ನಗು ನಿಂತಿತು.

"ಅವ್ವ?" ಎಂದಳು. ಮತ್ತೆ ಸ್ವಲ್ಪ ಜೋರಾಗಿ "ಅವ್ವಾ" ಎಂದಳು. ಆಮೇಲೆ ಅವಳ ದನಿ ಒಡೆಯಿತು. "ರೀ, ಅವ್ವ ಕಾಣ್ತಿಲ್ಲ. ಮುಳುಗಿದ್ಲು ರೀ, ಮೇಲಕ್ಕೆ ಬರ್ತಿಲ್ಲ."

ರಂಗರಾಜು ಎದ್ದುಬಿಟ್ಟ. ಕುರ್ಚಿ ಮಗುಚಿ ಬಿತ್ತು. ಆಣೆ ಗೀಣೆ ಎಲ್ಲ ಮರೆತುಹೋಯಿತು. ಐವತ್ತೆಂಟು ವರ್ಷದ ಹೆಂಗಸು, ನಲವತ್ತು ವರ್ಷದಿಂದ ನೀರಿಗಿಳಿಯದವಳು, ಅವಳನ್ನು ತನ್ನ ಹಟಕ್ಕೆ ಇಲ್ಲಿಗೆ ಕರೆತಂದು ಸಮುದ್ರಕ್ಕೆ ನೂಕಿದೆನಲ್ಲ ಅನ್ನಿಸಿತು. ಒಂದು ಕಾಲು ಆಗಲೇ ಆ ಕಡೆಗೆ ತಿರುಗಿತ್ತು. ಭುಜವೂ ತಿರುಗಿತ್ತು.

"ಕೂತ್ಕಳಪ್ಪ ರಂಗರಾಜು."

ಗಂಗಲಕ್ಷ್ಮಿಯ ದನಿ ಅದಲ್ಲ. ನೀರಿನ ಮೇಲಿಂದ ಬಂದ ದನಿ, ಏದುಸಿರು ಬೆರೆತದ್ದು, ಒಳಗೊಳಗೇ ನಗುತ್ತಿದ್ದದ್ದು.

"ನಾನೆಲ್ಲಿಗೋದೇನು, ಇಲ್ಲೇ ಇದೀನಿ. ಮುಳುಗು ಹಾಕಿದ್ದೆ ಅಷ್ಟೇಯ. ಬಾವೀಲಿ ಉಸಿರು ಕಟ್ಟಿ ತಳ ಮುಟ್ಟಿ ಬರ್ತಿದ್ವಿ, ಈಗ್ಲೂ ಆತದಾ ಅಂತ ನೋಡ್ದೆ. ಇವ್ಳೊಬ್ಳು, ಸುಮ್ಕೆ ಬಡ್ಕಂತಾಳೆ. ನೀನು ತಿರುಗ್ಬ್ಯಾಡ ಕಣಪ್ಪ, ಕೂತ್ಕ."

ರಂಗರಾಜು ತಿರುಗಿದ್ದ ಕಾಲನ್ನು ಹಿಂದಕ್ಕೆ ತಂದ. ಕುರ್ಚಿ ಎತ್ತಿ ನಿಲ್ಲಿಸಿ ಕೂತ. ಕೂತ ಮೇಲೆ ಅವನಿಗೆ ತಿಳಿಯಿತು, ನಡುವೆ ಕಂಬ ಇರಲಿಲ್ಲ, ಫ್ರಿಜ್ಜಿರಲಿಲ್ಲ, ತೆಂಗಿನಮರವೂ ಇರಲಿಲ್ಲ. ಹೆಸರು ಹಿಡಿದು, ಅಪ್ಪ ಅಂದು, ಏಕವಚನದಲ್ಲಿ, ಹೆತ್ತ ಮಗನಿಗೆ ಗದರಿದ ಹಾಗೆ ಅವನಿಗೇ ಹೇಳಿದ್ದಳು. ಅವನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ತೆಂಗಿನಮರದ ಮೇಲಿನ ಇರುವೆಗಳೆಲ್ಲ ಮಸುಕಾದವು.

"ಆಯ್ತತ್ತೆ" ಎಂದ.

ಬಾಯಿ ತಪ್ಪಿ ಮಾತು ಬಿದ್ದುಹೋದದ್ದು ಸಣ್ಣಕ್ಕನಿಗೂ ಆಗ ಅರಿವಾಗಿರಬೇಕು. ಇನ್ನು ಮುಗಿಯಿತು, ಮತ್ತೆ ಮರಕ್ಕೇ ಹೇಳುತ್ತಾಳೆ ಎಂದು ರಂಗರಾಜು ಅಂದುಕೊಂಡ. ಆದರೆ ಅವಳು ನೀರಲ್ಲಿದ್ದಳು, ಅವನು ದಡದಲ್ಲಿದ್ದ, ಅವನ ಮುಖ ಮರದ ಕಡೆಗಿತ್ತು. ಎದುರುಬದುರು ಆಗದಿದ್ದ ಮೇಲೆ ಯಾವ ಮರ್ಯಾದೆ ಮುರಿದಂತಾಯಿತು?

"ಅವತ್ತು ಬೇವಿನ ಮರದ ತಾವ ಹೇಳಿದ್ದು ಕೇಳಿಸ್ಕಂಡಿದ್ದಾ?" ಎಂದು ದನಿ ಬಂತು.

"ಕೇಳಿಸ್ಕೊಂಡಿದ್ದೆ ಅತ್ತೆ."

"ನೀನು ಕೇಳ್ಲಿ ಅಂತ್ಲೇ ಹೇಳಿದ್ದು" ಎಂದಳು ಸಣ್ಣಕ್ಕ. "ಮೋಟ್ರು ರಿಪೇರಿ ಮಾಡಾನು, ನೀರಿನ ಸಂಕಟ ಇವಂಗಾದ್ರೂ ತಿಳಿದೀತು ಅಂತ."

ಆಮೇಲೆ ಅರ್ಧ ಗಂಟೆ ಅವಳು ನೀರಲ್ಲಿ ಅಂಗಾತ ತೇಲುತ್ತ, ಆಕಾಶ ನೋಡುತ್ತ, ಅಳಿಯನ ಬೆನ್ನಿಗೆ ಮಾತಾಡಿದಳು. ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿತದ್ದು. ಬಾವಿಯ ಮೇಲಿನ ಮೆಟ್ಟಿಲಿಂದ ಹಾರಿ ಗಂಡುಹುಡುಗರನ್ನು ಸೋಲಿಸಿದ್ದು. ಮದುವೆ ಗೊತ್ತಾದ ವಾರ ಅವಳವ್ವ ಬಂದು ಬಾವಿಯಿಂದ ಜುಟ್ಟು ಹಿಡಿದು ಎಳೆದುಕೊಂಡು ಹೋದದ್ದು. ಉಪ್ಪು ನೀರು ಇಷ್ಟು ಚೆನ್ನಾಗಿ ಎತ್ತಿ ಹಿಡಿಯುತ್ತದೆ, ಬಾವಿಯ ನೀರಿಗೆ ಈ ಬುದ್ಧಿ ಇರಲಿಲ್ಲ ಎಂದಳು. ಹಬ್ಬಕ್ಕೆ ಬಂದಾಗ ಅಳಿಯ ಎರಡನೇ ಮುದ್ದೆ ಬೇಡ ಅನ್ನುವುದು ಸಾರು ಸರಿಯಿಲ್ಲವೆಂದೋ, ನಾಚಿಕೆಗೋ, ಅದೊಂದು ಹೇಳಿಬಿಡಬೇಕು ಎಂದಳು. ನಾಚಿಕೆಗೆ ಎಂದು ರಂಗರಾಜು ಒಪ್ಪಿಕೊಂಡ. ಅವನು ಹೂಂ, ಹೌದಾ ಅನ್ನುತ್ತಿದ್ದ, ನಗುತ್ತಿದ್ದ. ಗಂಗಲಕ್ಷ್ಮಿ ಇಬ್ಬರ ನಡುವೆ ಒಣ ಸೀರೆ ಹಿಡಿದು, ಒಮ್ಮೆ ಅವ್ವನನ್ನೂ ಒಮ್ಮೆ ಗಂಡನ ಬೆನ್ನನ್ನೂ ನೋಡುತ್ತ ನಿಂತಿದ್ದಳು. ಇವರ ಮಾತಿನ ಮಧ್ಯೆ ಬಾಯಿ ಹಾಕಲು ಅವಳಿಗೆ ಮನಸ್ಸಾಗಲಿಲ್ಲ.

"ಆತು" ಎಂಬ ಮಾತು ಕೇಳಿ ರಂಗರಾಜು ತಿರುಗಿದಾಗ ಸಣ್ಣಕ್ಕ ಒಣ ಸೀರೆಯುಟ್ಟು, ತಲೆಮೇಲೆ ಸೆರಗು ಹೊದ್ದು, ಮಗಳ ಹಿಂದೆ ಮರೆಯಾಗಿ ನಿಂತಿದ್ದಳು. ಮಗಳ ಕೈಯಲ್ಲಿದ್ದ ಹಳೇ ಹತ್ತಿ ಸೀರೆಯಿಂದ ನೀರು ಸುರಿಯುತ್ತಿತ್ತು. "ಗಂಗಾ, ಅಳಿಯಂದ್ರ ಕತ್ತೆಲ್ಲ ಕೆಂಪಗಾಗೈತೆ, ಒಂದಿಷ್ಟು ಎಣ್ಣೆ ಹಚ್ಕಳ್ಳಾಕೆ ಹೇಳು" ಎಂದಳು. ಕತ್ತು ನಿಜಕ್ಕೂ ಉರಿಯುತ್ತಿತ್ತು. ರಂಗರಾಜು ನೆಲ ನೋಡುತ್ತ "ಆಗ್ಲಿ" ಎಂದ. ಮಧ್ಯಾಹ್ನದ ದೋಣಿಯಲ್ಲಿ ಅವಳು ಕಂಬಿಗೆ ಮಾತಾಡಿದಳು, ವಿಮಾನದಲ್ಲಿ ಸೀಟಿಗೆ.

ಊರಿಗೆ ಬಂದ ಮೇಲೆ ಅಂಗಡಿಗೆ ಬಂದವರೆಲ್ಲ ಸಮುದ್ರ ಹೆಂಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು ಅಂದನೇ ಹೊರತು, ತಾನು ನೋಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು ಎಂದು ಯಾರಿಗೂ ಹೇಳಲಿಲ್ಲ. ಕತ್ತಿನ ಸಿಪ್ಪೆ ಸುಲಿಯುವುದಕ್ಕೆ ಒಂದು ವಾರ ಹಿಡಿಯಿತು.

ಆ ಭಾನುವಾರ ಗಂಗಲಕ್ಷ್ಮಿ ಬಟ್ಟೆ ಒಗೆಯುತ್ತಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಅವ್ವ ಎಂದಿತ್ತು. ರಂಗರಾಜು ಎತ್ತಿ ಹಲೋ ಎಂದ. ಆ ಕಡೆ ಉಸಿರೂ ಕೇಳಿಸಲಿಲ್ಲ. ಇನ್ನೇನು ಫೋನು ಮಾವನ ಕೈಗೆ ಹೋಗುತ್ತದೆ ಅನ್ನುವಷ್ಟರಲ್ಲಿ ಅವನು ಹೇಳಿದ:

"ಅತ್ತೆ, ನಾನು ಗೋಡೆ ಕಡೆ ಮುಖ ಮಾಡಿ ಕೂತಿದೀನಿ."

ಮಾವನ ದನಿ ಬರಲಿಲ್ಲ. ಮಣೆ ಎಳೆದುಕೊಂಡು ಕೂತ ಸದ್ದು ಬಂತು.

"ಅಂಗಾರೆ ಕೇಳಪ್ಪ" ಎಂದಳು ಸಣ್ಣಕ್ಕ.